ಹುಲ್ಡಕ್ಕನ ಕಪ್ಪು ಗೆರೆ

ಆಲ್ಡರ್ ಫಾಲ್ಸ್‌ನಲ್ಲಿ ಗುರುವಾರಕ್ಕೆ ಎರಡು ವಾಸನೆ. ಹೊಳೆದಂಡೆಯ ಮಿಲ್ಲಿನಿಂದ ಬರುವ ಹಸಿ ಪೈನ್ ಹೊಟ್ಟಿನದು ಒಂದು. ಅದು ವಾರವಿಡೀ ಇದ್ದದ್ದೇ. ಇನ್ನೊಂದು ಹುಲ್ಡಕ್ಕನ ಅಚ್ಚುಕೂಟದ ಮಸಿಯದು. ಆ ವಾಸನೆ ಬೀದಿಗೆ ಬಂತೆಂದರೆ ಹಿಟ್ಟು ಕಲಸುತ್ತಿದ್ದವಳು ಕೈ ತೊಳೆದುಕೊಳ್ಳುತ್ತಿದ್ದಳು. ಲಾಳ ಕಟ್ಟಿಸಲು ನನ್ನಲ್ಲಿಗೆ ಬಂದವನು ಕುದುರೆಯನ್ನು ಮೂರು ಕಾಲಲ್ಲಿ ನಿಲ್ಲಿಸಿ ಓಡುತ್ತಿದ್ದ.

ನನ್ನ ಕುಲುಮೆಗೂ ಆ ಅಚ್ಚುಕೂಟಕ್ಕೂ ನಡುವೆ ಒಂದೇ ಹಲಗೆಗೋಡೆ. ಈಚೆ ನನ್ನ ಸುತ್ತಿಗೆ, ಆಚೆ ಆಕೆಯ ಯಂತ್ರ. ಎರಡೂ ಒಟ್ಟಿಗೆ ಬಡಿದರೆ ಊರ ನಾಯಿಗಳೆಲ್ಲ ಬೊಗಳುತ್ತಿದ್ದವು. ನಾನು ಶಾಲೆ ಕಂಡದ್ದು ಎರಡು ಚಳಿಗಾಲ. ಮಿಕ್ಕ ಓದನ್ನೆಲ್ಲ ಆಕೆಯ ಪತ್ರಿಕೆ ಹಿಡಿದು ನಾನೇ ಕಲಿತೆ. ಕಮ್ಮಾರನಿಗೆ ಏನು ಗೊತ್ತು ಅನ್ನುವವರು ಬಂದು ನನ್ನ ಜೊತೆ ಒಂದು ಮಧ್ಯಾಹ್ನ ಮಾತಾಡಿ ಹೋಗಲಿ. ಹುಲ್ಡಕ್ಕನ ಬದುಕನ್ನು ಬರೆಯುವುದಕ್ಕೆ ಗೋಡೆಯ ಪಕ್ಕದವನಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಆಕೆಯ ಗಂಡ ಏಸಾ ಥರ್ಲೋ. "ಕಾವಲುಗಾರ" ಎಂಬ ವಾರಪತ್ರಿಕೆ ಶುರು ಮಾಡಿದವನು ಅವನೇ. ಯುದ್ಧಕ್ಕೆ ಹೋದವನು ಎದೆ ಕೆಡಿಸಿಕೊಂಡು ಬಂದ. ಅವನು ಹಾಸಿಗೆ ಹಿಡಿದ ಮೇಲೆ ಸುದ್ದಿ ತಂದದ್ದು ಹುಲ್ಡಕ್ಕ, ಅಚ್ಚಿನ ಮೊಳೆ ಜೋಡಿಸಿದ್ದು ಹುಲ್ಡಕ್ಕ, ಯಂತ್ರದ ಹಿಡಿ ಎಳೆದದ್ದೂ ಹುಲ್ಡಕ್ಕ. ಊರಿಗೆ ಕಾಣುತ್ತಿದ್ದದ್ದು ಮಾತ್ರ ತಲೆಬರಹದ ಕೆಳಗಿನ ಏಸಾನ ಹೆಸರು. ಅವನನ್ನು ಮಣ್ಣು ಮಾಡಿದ ವಾರ, ಪತ್ರಿಕೆಯ ಕತೆ ಮುಗಿಯಿತು, ಯಂತ್ರವನ್ನು ಯಾರು ಕೊಳ್ಳುತ್ತಾರೋ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಗುರುವಾರ ಬಂತು, ಪತ್ರಿಕೆಯೂ ಬಂತು. ಏಸಾನ ಹೆಸರಿದ್ದ ಜಾಗದಲ್ಲಿ ಅಷ್ಟೇ ದಪ್ಪದ ಅಕ್ಷರದಲ್ಲಿ ಹುಲ್ಡಾ ಥರ್ಲೋ ಎಂದು ಇತ್ತು.

ಡೋರ್ಕಸ್ ಲಿಬ್ಬಿಯ ಅಂಗಡಿ ನಮ್ಮೂರಿನ ಚಾವಡಿ. ಅವತ್ತು ಅಲ್ಲಿ ಚರ್ಚಿನ ಗಂಟೆ ಬಾರಿಸುವ ಓಬೆಡ್ ಮಾವ ಒಲೆಯ ಪಕ್ಕ ಕೂತು ಪತ್ರಿಕೆಯನ್ನು ತೋಳಿನುದ್ದ ದೂರ ಹಿಡಿದು ನೋಡಿದ.

"ಹೇಂಟೆ ಕೂಗಿದ್ರೆ ಬೆಳಗಾಗುತ್ತೇನ್ರಪ್ಪ?" ಅಂದ.

"ಇಷ್ಟು ವರ್ಷ ಹುಂಜ ಕೂಗಿ ಏನು ಬೆಳಗು ಹರಿಸ್ತು ಅಂತ ನೋಡಿದೀನಿ ಬಿಡು ಮಾವ," ಅಂದಳು ಡೋರ್ಕಸ್, ಕಾಕಂಬಿಯ ಪೀಪಾಯಿಯ ಬಿರಡೆ ಬಿಗಿಯುತ್ತ. "ನಿನ್ನ ಕನ್ನಡಕ ಎಲ್ಲಿ? ಇಲ್ದೆ ಏನು ಓದ್ತಿದೀಯ?"

"ಓದೋಕೆ ಯಾಕೆ? ನೋಡಿದ್ರೆ ಗೊತ್ತಾಗಲ್ವಾ?"

ಓಬೆಡ್ ಮಾವನ ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಆ ಪತ್ರಿಕೆಯಲ್ಲಿ ಏಸಾನ ಸಾವಿನ ಸುದ್ದಿ ನಾಲ್ಕು ಸಾಲು ಇತ್ತು, ಸುತ್ತ ಕಪ್ಪು ಗೆರೆ ಇರಲಿಲ್ಲ. ಈ ಕಪ್ಪು ಗೆರೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅಚ್ಚಿನ ಪುಟದಲ್ಲಿ ಒಂದು ಅಂಕಣಕ್ಕೂ ಇನ್ನೊಂದಕ್ಕೂ ನಡುವೆ ಹಿತ್ತಾಳೆ ಪಟ್ಟಿ ನಿಲ್ಲಿಸುತ್ತಾರೆ. ಅದರ ಮೇಲಂಚು ಚಾಕುವಿನ ಬಾಯಿಯಂತೆ ತೆಳು, ಅಡಿ ದಪ್ಪ. ನೆಟ್ಟಗೆ ನಿಲ್ಲಿಸಿದರೆ ಕೂದಲೆಳೆಯ ಗೆರೆ ಬೀಳುತ್ತದೆ. ತಲೆಕೆಳಗು ಮಾಡಿದರೆ ಬೆರಳಿನಲ್ಲಿ ಕಾಡಿಗೆ ಎಳೆದಂತೆ ದಪ್ಪ ಕರಿಗೆರೆ. ಪಟ್ಟಿ ತಿರುಗಿಸಿದರು ಎಂದರೆ ದೊಡ್ಡವರು ತೀರಿಕೊಂಡರು ಎಂದರ್ಥ. ಅಧ್ಯಕ್ಷರನ್ನು ಗುಂಡಿಕ್ಕಿ ಕೊಂದಾಗ ದೇಶದ ಪತ್ರಿಕೆಗಳೆಲ್ಲ ತಿರುಗಿಸಿದ್ದವು. ಆಮೇಲೆ ನಮ್ಮ ಗವರ್ನರಿಗೊಮ್ಮೆ, ಹಳೆಯ ಪಾದ್ರಿಗೊಮ್ಮೆ ಏಸಾ ತಿರುಗಿಸಿದ್ದ. ದೂರದಿಂದ ಆ ಕಪ್ಪು ಕಂಡರೆ ಸಾಕು, ನಮ್ಮೂರಿನ ಗಂಡಸರು ಟೋಪಿ ತೆಗೆಯುತ್ತಿದ್ದರು. ಓದುವುದು ಆಮೇಲಿನ ಮಾತು.

"ಗಂಡನಿಗೆ ತಿರುಗಿಸಲಿಲ್ವಾ ಅಕ್ಕ?" ಅಂತ ಅವತ್ತು ಕೇಳಿದೆ.

"ಏಸಾ ದೊಡ್ಡವನಲ್ಲ ಕಣೋ ಎನಾಕ್. ನನ್ನವನು, ಅಷ್ಟೇ," ಅಂದಳು. ಆಮೇಲೆ ಬಹಳ ಹೊತ್ತು ಆಚೆಯಿಂದ ಯಂತ್ರದ ಸದ್ದು ಕೇಳಲಿಲ್ಲ.

ಆಕೆಯ ಕೆಲಸದ ರೀತಿ ಬೇರೆ ಪತ್ರಿಕೆಯವರದಲ್ಲ. ಸುದ್ದಿ ಮನೆಗೆ ಬರಲಿ ಅಂತ ಕೂರುತ್ತಿರಲಿಲ್ಲ. ಲಂಗದ ಅಂಚನ್ನು ಬೂಟಿನ ಮೇಲಕ್ಕೆ ಪಿನ್ನು ಹಾಕಿ ಎತ್ತಿಕೊಂಡು ಕೆಸರಿನಲ್ಲಿ ನಡೆದು ಹೋಗುತ್ತಿದ್ದಳು. ಹೆರಿಗೆಮನೆ, ಗಿರಣಿ, ನನ್ನ ಕುಲುಮೆ, ಎಲ್ಲ ಕಡೆಯೂ ಕೂರುತ್ತಿದ್ದಳು. ಕೇಳಿದ್ದನ್ನು ಕಾಗದಕ್ಕೆ ಇಳಿಸುತ್ತಿರಲಿಲ್ಲ. ಸೀದಾ ಬಂದು ಮೊಳೆಪೆಟ್ಟಿಗೆಯ ಮುಂದೆ ನಿಂತು, ಕಣ್ಣು ಕಿಟಕಿಯ ಆಚೆ ಇಟ್ಟು, ಬೆರಳಿನಿಂದ ಒಂದೊಂದೇ ಸೀಸದ ಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದಳು, ಹೆಂಗಸರು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. "ಕಾಗದ ಎಷ್ಟು ಸುಳ್ಳು ಬೇಕಾದ್ರೂ ತಡ್ಕೊಳ್ಳುತ್ತೆ. ಸೀಸ ಭಾರ. ಬೇಡದ ಮಾತು ಎತ್ತೋಕೆ ಕೈಗೇ ಬೇಸರ ಬರುತ್ತೆ," ಅನ್ನುತ್ತಿದ್ದಳು. ಒಂದು ವಾರ "ಭಾನುವಾರದ ಪ್ರಸಂಗ ಕೇಳಿ ಬಹಳ ಮಂದಿಗೆ ವಿಶ್ರಾಂತಿ ದೊರೆಯಿತು" ಎಂದು ಅಚ್ಚು ಹಾಕಿದ್ದಳು. ಹೊಸ ಪಾದ್ರಿಗಳು ಅದನ್ನು ಹೊಗಳಿಕೆ ಎಂದೇ ತಿಳಿದು ಒಂದು ಸೇಬಿನ ಕಡುಬು ಕಳಿಸಿದರು. ಅರ್ಧ ಕಡುಬು ನನಗೆ ಬಂತು.

ಇನ್ನು ಆ ವಸಂತದ ಮಾತು. ಮಂಜು ಕರಗಿ ಹೊಳೆ ತುಂಬಿದಾಗ, ಚಳಿಗಾಲವೆಲ್ಲ ಕಡಿದ ದಿಮ್ಮಿಗಳನ್ನು ಮೇಲಿನ ಕಾಡಿನಿಂದ ಮಿಲ್ಲಿಗೆ ತೇಲಿಸಿ ತರುವುದು ನಮ್ಮ ಕಡೆಯ ಸುಗ್ಗಿ. ಮೊಳೆ ಹೊಡೆದ ಬೂಟು ತೊಟ್ಟು ಉರುಳುವ ದಿಮ್ಮಿಗಳ ಮೇಲೆ ಓಡಾಡುವ ಆ ಆಳುಗಳಿಗೆ ಜೀವ ಕಾಲುಬೆರಳಿನಲ್ಲಿ. ಮಿಲ್ಲೂ ದಿಮ್ಮಿಯೂ ಹೊಳೆಯ ಮೇಲಿನ ಅಣೆಕಟ್ಟೂ ಊರಿನ ಅರ್ಧ ಮನೆಗಳೂ ಕರ್ನಲ್ ಲೆವಿ ಬ್ರಾಕೆಟ್‌ರವು. ಹುಲ್ಡಕ್ಕನ ಅಚ್ಚುಕೂಟದ ಸೂರೂ ಅವರದೇ. ಆ ವಸಂತದಲ್ಲಿ ಕರ್ನಲ್‌ರಿಗೆ ಎದೆಜ್ವರ ಬಂದು, ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ಕಾರುಬಾರೆಲ್ಲ ತಂಗಿಯ ಮಗ ಹೋರೇಸನ ಕೈಗೆ ಬಂದಿತ್ತು.

ಒಂದು ಶನಿವಾರ ಹೊಳೆಯ ಕಿರಿದಾದ ತಿರುವಿನಲ್ಲಿ ದಿಮ್ಮಿಗಳು ಕಗ್ಗಂಟಾಗಿ ನಿಂತವು. ಆಳುಗಳು ಅದನ್ನು ಬಿಡಿಸುತ್ತಿರುವಾಗಲೇ ಮೇಲಿನ ಅಣೆಕಟ್ಟಿನ ತೂಬು ತೆರೆಯಿತು. ನೀರು ನುಗ್ಗಿತು. ಮೂವರು ಹೋದರು. ಸೋಮವಾರ ಹೆಣಗಳು ಮಿಲ್ಲಿನ ಕೆರೆಗೆ ತೇಲಿ ಬಂದವು. ಕುಡಿದಿದ್ದರು, ಬಿದ್ದರು ಎಂದು ಹೋರೇಸ್ ಹೇಳಿಕೆ ಕೊಟ್ಟ. ಗುರುವಾರ ಸಂಜೆ ಮಣ್ಣು ಮಾಡಿಸುತ್ತೇನೆ ಅಂದ.

ಹುಲ್ಡಕ್ಕ ಡಾಕ್ಟರ ಬಳಿ ಹೋದಳು. ಇಂಥ ಸಾವಿನ ವಿಚಾರಣೆ ಕರೆಯುವ ಅಧಿಕಾರ ನಮ್ಮಲ್ಲಿ ಅವರದು.

"ನೀರು ಬಂದದ್ದು ಎಲ್ಲರೂ ಹೇಳ್ತಾರಮ್ಮ. ಬಿಡು ಅಂದವರು ಯಾರು ಅಂತ ಹೇಳೋರು ಒಬ್ಬರು ಬೇಕು," ಅಂದರು ಡಾಕ್ಟರು. "ಮಣ್ಣಾಗೋಕೆ ಮುಂಚೆ ಸಾಕ್ಷಿ ತಂದ್ರೆ ಕೂರ್ತೀನಿ. ಇಲ್ದಿದ್ರೆ ಕುಡಿದು ಸತ್ರು ಅಂತ ರುಜು ಹಾಕ್ಬೇಕಾಗುತ್ತೆ."

ಮಂಗಳವಾರ ಬೆಳಗ್ಗೆ ನನ್ನ ಗಾಡಿ ಕಟ್ಟಿಸಿ ಆಕೆ ಮೇಲಿನ ಕಾಡಿನ ದಿಮ್ಮಿ ಆಳುಗಳ ಬಿಡಾರಕ್ಕೆ ಹೊರಟಳು. ಗಾಡಿ ಹೊಡೆದವನು ನಾನು. ಆ ಬಿಡಾರಗಳಲ್ಲಿ ಹೆಂಗಸಿನ ನೆರಳೂ ಬೀಳುವುದಿಲ್ಲ. ಒದ್ದೆ ಕಾಲುಚೀಲ ಬೆಂಕಿಯ ಸುತ್ತ ನೇತುಹಾಕಿ ಕೂತಿದ್ದ ಗಂಡಸರು ಕರಡಿ ಕಂಡಂತೆ ಎದ್ದು ನಿಂತರು. ಅಡುಗೆಯವನು ಮಾತ್ರ ಅಲುಗಲಿಲ್ಲ. ನೆಲದ ಗುಂಡಿಯಲ್ಲಿ ಕೆಂಡ ಮುಚ್ಚಿ ಬೇಯಿಸಿದ ಬೀನ್ಸ್ ಕಾಳು, ಕಾಕಂಬಿ, ಉಪ್ಪಿನ ಹಂದಿಮಾಂಸ ಬಡಿಸಿ ತಟ್ಟೆ ಮುಂದಿಟ್ಟ.

"ತಿನ್ನಿ ತಾಯಿ. ಹೊಟ್ಟೆಗೆ ಹೋದ್ಮೇಲೆ ಪ್ರಶ್ನೆ ಕೇಳಿ."

"ಆ ಮೂವರು ಕುಡಿದಿದ್ರಾ?"

"ಕುಡಿದಿದ್ರು. ನನ್ನ ಟೀ. ಅದ್ರಲ್ಲಿ ಕುದುರೆಲಾಳ ಹಾಕಿದ್ರೆ ತೇಲುತ್ತೆ ಅಂತಾರೆ ನನ್ಮಕ್ಕಳು. ಬೇರೇನು ಸಿಗುತ್ತೆ ಇಲ್ಲಿ?"

"ಅವರ ಹೆಸರು?"

ಒಬ್ಬ "ಕೆಂಪು ಟೋಪಿ" ಅಂದ. ಇನ್ನೊಬ್ಬ "ಪಿಟೀಲಿನವನು" ಅಂದ. ಬಿಡಾರದಲ್ಲಿ ಅಡ್ಡಹೆಸರೇ ಹೆಸರು. ಕಂಪನಿಯವರಿಗೆ ಅದೂ ಬೇಡ. ಹುಲ್ಡಕ್ಕ ತಟ್ಟೆ ಕೆಳಗಿಟ್ಟಳು. ಹೆಸರು ಸಿಗದೆ ತಾನು ಏಳುವವಳಲ್ಲ ಅಂದಳು. ಸೂರ್ಯ ಮರಗಳ ನೆತ್ತಿ ದಾಟುವತನಕ ಒಬ್ಬೊಬ್ಬನನ್ನೇ ಕೇಳಿದಳು. ಯಾವ ಊರಿನವನು, ತಾಯಿ ಏನೆಂದು ಕರೆಯುತ್ತಿದ್ದಳು, ಯಾವ ಚರ್ಚು. ಕೊನೆಗೆ ಹೆಸರುಗಳು ಹೊರಬಂದವು. ಐರ್ಲೆಂಡಿನಿಂದ ಬಂದ ಕಾರ್ಮಾಕ್ ಹೀಲಿ. ಕೆನಡಾದ ಕಡೆಯ ಬಾಪ್ಟಿಸ್ಟ್ ಥಿಬೋಡೋ, ಪಿಟೀಲು ಇವನದು. ಈ ಹೊಳೆ ಹುಟ್ಟಿದಾಗಿನಿಂದ ಇಲ್ಲೇ ಇರುವ ಪೆನಾಬ್‌ಸ್ಕಾಟ್ ಜನದ ಸಬಾಟಿಸ್ ಮಿಚೆಲ್.

ಆಮೇಲೆ ಅಡುಗೆಯವನು ಆಕೆಯನ್ನು ದಂಡೆಗೆ ಕರೆದುಕೊಂಡು ಹೋದ. ಹೊಳೆಗೆ ಬಲಿಯಾದವನ ಬೂಟನ್ನು ಅವನು ಹೋದ ಜಾಗದ ಮರಕ್ಕೆ ತೂಗುಹಾಕುವುದು ಆಳುಗಳ ಪದ್ಧತಿ. ಅವರಿಗೆ ಅದೇ ಗೋರಿಕಲ್ಲು. ಹೆಣದ ಕಾಲಿನಿಂದ ಬಿಚ್ಚಿ ತಂದಿದ್ದ ಮೂರು ಜೊತೆ ಬೂಟು ಒಂದು ಪೈನ್ ಕೊಂಬೆಯಲ್ಲಿ ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು. ಹುಲ್ಡಕ್ಕ ಕೈ ಚಾಚಿ ಅವುಗಳ ಅಲುಗಾಟ ನಿಲ್ಲಿಸಿದಳು.

"ಇವರು ತಮ್ಮವರಿಗೆ ಮಾಡೋದು ಮಾಡಿದಾರೆ ಎನಾಕ್," ಅಂದಳು. "ಊರು ಏನು ಮಾಡಿತು?"

ತೂಬಿನ ಬಳಿ ಇದ್ದವನು ಒಬ್ಬನೇ, ಅಣೆಕಟ್ಟು ಕಾಯುವ ಜೋಥಮ್. ಅವನು ಬಿಡಾರದಲ್ಲಿ ಇರಲಿಲ್ಲ. ಹೋರೇಸ್ ಅವನನ್ನು ಊರಿಗೆ ಕರೆಸಿಕೊಂಡು, ಶುಕ್ರವಾರದ ಕೋಚುಗಾಡಿಯಲ್ಲಿ ಗಡಿಯಾಚೆಯ ಕೆಲಸಕ್ಕೆ ಕಳಿಸುವ ಏರ್ಪಾಡು ಮಾಡಿದ್ದ. ಬುಧವಾರ ಬೆಳಗ್ಗೆ ಪೆಟ್ಟಿಗೆಯ ಬೀಗ ಸರಿಮಾಡಿಸಲು ಅವನು ನನ್ನ ಕುಲುಮೆಗೇ ಬಂದ. ಗೋಡೆಯ ಆಚೆ ದನಿ ಕೇಳಿ ಹುಲ್ಡಕ್ಕ ಬಂದು ಬಾಗಿಲಲ್ಲಿ ನಿಂತಳು.

"ಜೋಥಮ್, ತೂಬು ತೆಗಿ ಅಂದೋರು ಯಾರು?"

"ಬೀಗ ರಿಪೇರಿಗೆ ಬಂದಿದೀನಿ ಹುಲ್ಡಕ್ಕ."

"ಬಾಯಿಗೂ ಒಂದು ಹಾಕಿಸ್ಕೊಂಡಿದೀಯಲ್ಲ, ಅದನ್ನ ಯಾರು ಬಿಚ್ಚಬೇಕು?"

ಅವನು ತಲೆ ತಗ್ಗಿಸಿದ. ದೊಡ್ಡ ಆಳು, ಎತ್ತಿನ ಹೆಗಲು. "ಮೀಸೆ ಬರದ ವಯಸ್ಸಲ್ಲಿ ದಿಮ್ಮಿ ಅಡಿ ಸಿಕ್ಕೊಂಡಿದ್ದೆ ಅಕ್ಕ. ಕತ್ತಿನ ಪಟ್ಟಿ ಹಿಡಿದು ಎತ್ತಿದ್ದು ಕರ್ನಲ್ರು. ಆಗ ಅವರೂ ಹೊಳೆ ಆಳೇ. ಆ ಮನುಷ್ಯನ ಉಸಿರು ಇರೋವರ್ಗೂ ಆ ಮನೆ ಮೇಲೆ ನನ್ನ ಬಾಯಿಂದ ಮಾತು ಬರಲ್ಲ. ನನ್ನ ಬಿಟ್ಬಿಡು."

"ಆ ಮೂವರನ್ನ ಎತ್ತೋಕೆ ಯಾರೂ ಇರ್ಲಿಲ್ಲ," ಅಂದಳು ಹುಲ್ಡಕ್ಕ. ಬೈಯಲಿಲ್ಲ. ಹೋಗಿ ಮೊಳೆಪೆಟ್ಟಿಗೆಯ ಮುಂದೆ ನಿಂತಳು.

ಮಧ್ಯಾಹ್ನ ಹೋರೇಸ್ ಬಂದ. ಹೊಳೆಯುವ ಬೂಟು, ಗಲ್ಲದ ಮೇಲೆ ಆಗಷ್ಟೇ ಬಂದ ಗಡ್ಡ.

"ಮಿಸೆಸ್ ಥರ್ಲೋ, ನಾಳೆ ಏನು ಹಾಕ್ತಿದೀರಿ ಅಂತ ನೋಡೋಣ ಅಂತ ಬಂದೆ. ಬರೆದಿರೋದು ಕೊಡಿ."

"ಬರೆದದ್ದು ಏನೂ ಇಲ್ಲ. ಮೇಜು ನೋಡಿ ಬೇಕಾದ್ರೆ."

ಮೇಜಿನ ಮೇಲೆ ಅರ್ಧ ಕಚ್ಚಿದ ಸೇಬು ಇತ್ತು. ಹೋರೇಸ್ ಜೋಡಿಸಿಟ್ಟಿದ್ದ ಪುಟದ ಮೇಲೆ ಬಾಗಿದ. ಅಚ್ಚುಮೊಳೆ ಕನ್ನಡಿಯೊಳಗಿನ ಅಕ್ಷರದ ಹಾಗೆ ಹಿಂದುಮುಂದು ಇರುತ್ತದೆ. ಅವನು ಕತ್ತು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಕೋಳಿ ಹುಳ ನೋಡುವ ಹಾಗೆ. ಮೂಗಿಗೆ ಮಸಿ ಮೆತ್ತಿತು.

"ಏನಿದು?"

"ಊರಿನ ಸುದ್ದಿ. ನಾಳೆ ಓದಿ."

"ಈ ಸೂರು ಯಾರದು ಅಂತ ನೆನಪಿರ್ಲಿ."

"ಮಳೆ ಬಂದಾಗೆಲ್ಲ ನೆನಪಾಗುತ್ತೆ. ಎರಡು ಕಡೆ ಸೋರುತ್ತೆ," ಅಂದಳು. "ಹೋರೇಸ್, ಶನಿವಾರ ತೂಬು ತೆಗೆಸಿದ್ದು ಯಾರು?"

ಅವನು ಮೂಗಿನ ಮಸಿಯನ್ನೂ ಒರೆಸಿಕೊಳ್ಳದೆ ಹೊರಟುಹೋದ. ಬೀದಿಯ ಕೊನೆವರೆಗೂ ಜನ ನಕ್ಕರು.

ಅವನು ಹೋದಮೇಲೆ ಆಕೆ ಪುಟದ ಕಟ್ಟು ಸಡಿಲಿಸಿ, ಹಿತ್ತಾಳೆ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ತಲೆಕೆಳಗು ಮಾಡಿ ಇಟ್ಟಳು. ನಾನು ಯಂತ್ರದ ಒಂದು ಬೋಲ್ಟು ಬಿಗಿಯಲು ಅಲ್ಲಿಗೆ ಹೋಗಿದ್ದೆ.

"ಯಾರು ಹೋದ್ರು ಅಕ್ಕ?"

"ಗೊತ್ತಿಲ್ವಾ? ಮೂರು ಜನ."

"ಏಸಾನಿಗೇ ತಿರುಗಿಸಲಿಲ್ಲ ನೀನು."

ಕೈ ನಿಂತಿತು. "ದೊಡ್ಡವರಿಗೆ ಮಾತ್ರ ಅಂತ ನನಗೂ ಹೇಳ್ಕೊಟ್ಟಿದ್ರು. ನಂಬಿದ್ದೆ," ಅಂದಳು. "ಸಾಕ್ಷಿ ಸಿಗಲಿಲ್ಲ. ನಾಳೆ ಸಂಜೆ ಅವರನ್ನ ಕುಡುಕರು ಅಂತ ಹೂಳ್ತಾರೆ. ತಡೆಯೋಕೆ ನನ್ನ ಕೈಲಿ ಏನೂ ಇಲ್ಲ. ಇರೋದು ಈ ಹಿತ್ತಾಳೆ." ಮತ್ತೆ ಪಟ್ಟಿ ಎತ್ತಿಕೊಂಡಳು.

ಗುರುವಾರ ಪತ್ರಿಕೆ ಬಂತು. ಒಂದು ಪ್ರತಿಯನ್ನು ಎಂದಿನಂತೆ ಬಾಗಿಲ ಹೊರಗಿನ ಹಲಗೆಗೆ ಅಂಟಿಸಿದಳು. ಅದರಲ್ಲಿ ಏನಿತ್ತೆಂದರೆ, ಮೂರು ಹೆಸರು, ಮೂವರ ಊರು, ಕುಡಿದದ್ದು ಟೀ ಎಂಬ ಅಡುಗೆಯವನ ಮಾತು, ಆಳುಗಳು ದಿಮ್ಮಿಯ ಮೇಲಿರುವಾಗಲೇ ನೀರು ಬಿಟ್ಟದ್ದು, ಬಿಡು ಅಂದವರು ಯಾರು ಎಂಬ ಪ್ರಶ್ನೆ. ಸುತ್ತ ದಪ್ಪ ಕಪ್ಪು ಗೆರೆ.

ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಓಬೆಡ್ ಮಾವ ಬೀದಿಯ ಆಚೆ ಬದಿಯಿಂದಲೇ ಆ ಕಪ್ಪು ನೋಡಿದ. ಕರ್ನಲ್‌ರ ಆಸೆ ಬಿಟ್ಟಿದ್ದೇನೆ ಎಂದು ಡಾಕ್ಟರು ಮಂಗಳವಾರ ಹೇಳಿದ್ದು ಅವನಿಗೆ ಗೊತ್ತಿತ್ತು. ಬುಧವಾರ ರಾತ್ರಿ ಜ್ವರ ಇಳಿದ ಸುದ್ದಿ ಡಾಕ್ಟರಿಗೇ ಇನ್ನೂ ಮುಟ್ಟಿರಲಿಲ್ಲ, ಇವನಿಗೆಲ್ಲಿ? ಟೋಪಿ ತೆಗೆದ, ಚರ್ಚಿಗೆ ಓಡಿದ, ಹಗ್ಗಕ್ಕೆ ಜೋತುಬಿದ್ದ. ಸತ್ತವನಿಗೆ ಎಷ್ಟು ವಯಸ್ಸೋ ಅಷ್ಟು ಸಲ ಗಂಟೆ ಬಾರಿಸುವುದು ನಮ್ಮ ಕಡೆಯ ಕ್ರಮ. ಊರೆಲ್ಲ ಬೆರಳು ಮಡಿಸಿ ಎಣಿಸಿತು. ಆ ವಯಸ್ಸಿನವರು ಊರಿನಲ್ಲಿ ಒಬ್ಬರೇ.

ಡೋರ್ಕಸ್ ಅಂಗಡಿಯ ಬಾಗಿಲಿಗೆ ಕರಿ ಬಟ್ಟೆ ಹೊಡೆದಳು. ಅವಳನ್ನು ನೋಡಿ ಬೀದಿಯೆಲ್ಲ ಹೊಡೆಯಿತು. ಶಾಲೆ ಬಿಟ್ಟರು. ಮಿಲ್ಲಿನ ಮೇಸ್ತ್ರಿ ನೀರುಚಕ್ರ ನಿಲ್ಲಿಸಿದ. ಗರಗಸದ ಕಿರುಚಾಟ ಹಠಾತ್ತನೆ ನಿಂತಾಗ ಹೊಳೆಯ ಸದ್ದು ಊರಿನೊಳಗೆ ಬಂತು. ಅದನ್ನು ಎಷ್ಟೋ ಮಕ್ಕಳು ಅಂದೇ ಮೊದಲು ಕೇಳಿದ್ದು.

ಗಂಟೆ ಇನ್ನೂ ಬಾರಿಸುತ್ತಿರುವಾಗಲೇ ಹುಲ್ಡಕ್ಕ ಮಸಿ ಕೈಯಲ್ಲೇ ಚರ್ಚಿಗೆ ಓಡಿದ್ದಳು. ನಾನು ಹಿಂದೆ.

"ನಿಲ್ಸು ಮಾವ. ಯಾರಿಗೆ ಬಾರಿಸ್ತಿದೀಯ?"

"ಕರ್ನಲ್ರಿಗೆ. ನೀನೇ ಕಪ್ಪು ಗೆರೆ ಹಾಕಿದೀಯಲ್ಲ."

"ಓದಿದ್ಯಾ?"

"ಕನ್ನಡಕ ಮನೇಲಿದೆ," ಅಂದ ಓಬೆಡ್ ಮಾವ. ಎಣಿಕೆ ತಪ್ಪಬಾರದೆಂದು ಹಗ್ಗ ಬಿಡಲಿಲ್ಲ.

ಎಣಿಕೆ ಮುಗಿದು ನಾವು ಒಳಗೆ ಹೋಗುವಷ್ಟರಲ್ಲಿ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಹೋರೇಸ್ ಕಕ್ಕಾಬಿಕ್ಕಿಯಾಗಿ ಕೂತಿದ್ದ. ಮಿಲ್ಲಿನ ಕಚೇರಿಯಿಂದ ನೇರ ಬಂದಿದ್ದ, ಸೋದರಮಾವನ ಮನೆಗೆ ಹೋಗಿ ನೋಡಿರಲಿಲ್ಲ. ಪಾದ್ರಿಗಳು ಇನ್ನೂ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನಡುವಿನಿಂದ ಜೋಥಮ್ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು.

"ನನಗೆ ಪ್ರಾಣ ಕೊಟ್ಟವರು ಹೋದ್ರು," ಅಂದ. "ಇನ್ನು ನಾನು ಯಾರಿಗೂ ಕಟ್ಟುಬಿದ್ದಿಲ್ಲ. ಡಾಕ್ಟರೇ, ಕೇಳಿ. ಶನಿವಾರ ಮಿಲ್ಲಿಂದ ಕುದುರೆ ಮೇಲೆ ಒಬ್ಬ ಬಂದ…"

ಮೂರು ದಿನದಿಂದ ಹುಲ್ಡಕ್ಕ ಹುಡುಕುತ್ತಿದ್ದ ಮಾತು ಅದೇ. ಡಾಕ್ಟರು ಕಿವಿಗೊಟ್ಟು ಕೂತಿದ್ದರು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಇನ್ನೆರಡು ಮಾತು ಬಂದಿದ್ದರೆ ಕೆಲಸ ಆಗಿಹೋಗುತ್ತಿತ್ತು. ನಾನಾಗಿದ್ದರೆ ಆಕೆಯ ಬಾಯಿ ಮುಚ್ಚುತ್ತಿದ್ದೆ.

"ಜೋಥಮ್, ನಿಲ್ಲು," ಅಂದಳು ಹುಲ್ಡಕ್ಕ. "ಕರ್ನಲ್ರು ಸತ್ತ ಸುದ್ದಿ ಬಂದಿಲ್ಲ. ನನ್ನ ಪತ್ರಿಕೆ ಹಾಗೆ ಹೇಳಿಲ್ಲ. ತಪ್ಪು ತಿಳ್ಕೊಂಡು ಮಾತಾಡ್ಬೇಡ."

ಜೋಥಮನ ಬಾಯಿ ತೆರೆದದ್ದು ತೆರೆದಂತೆ ಉಳಿಯಿತು. ಹೋರೇಸ್ ಉಸಿರು ಬಿಟ್ಟದ್ದು ಹಿಂದಿನ ಗೋಡೆಗೂ ಕೇಳಿಸಿತು. ಜನ ಗುಜುಗುಜು ಅಂದರು. "ಅಯ್ಯೋ ಹುಚ್ಚಿ," ಅಂತ ನನ್ನ ಪಕ್ಕದವನು ಗೊಣಗಿದ.

ಆಗ ಬಾಗಿಲು ತೆರೆಯಿತು. ಆಳಿನ ಹೆಗಲಿಗೆ ಆತು, ರಾತ್ರಿಯಂಗಿಯ ಮೇಲೆ ರಜಾಯಿ ಸುತ್ತಿಕೊಂಡು, ಕರ್ನಲ್ ಬ್ರಾಕೆಟ್ ಒಳಗೆ ಬಂದರು. ಒಬ್ಬ ಮುದುಕಿ ಅಲ್ಲೇ ಕುಸಿದು ಕೂತಳು.

"ಹಾಸಿಗೇಲಿ ಎಣಿಸ್ತಾ ಮಲಗಿದ್ದೆ," ಅಂದರು ಕರ್ನಲ್. ದನಿ ಒಡೆದ ಮಡಕೆಯ ಹಾಗಿತ್ತು. "ನನ್ನ ವಯಸ್ಸಿಗೇ ಬಂದು ನಿಲ್ತು. ಗಂಟೆಯವನೇ, ಇನ್ನೊಂದೆರಡು ಜಾಸ್ತಿ ಹೊಡೆದಿದ್ರೆ ಏನಾಗ್ತಿತ್ತು ನಿಂಗೆ?"

ಅವರು ಸುತ್ತ ನೋಡಿದರು. ಪೀಠಕ್ಕೂ ಕಿಟಕಿಗೂ ಕರಿ ಬಟ್ಟೆ.

"ಇದೆಲ್ಲ ಯಾರಿಗೆ?"

"ನಿಮಗೇ ಅಂತ ಹಾಕಿದ್ವಿ ಕರ್ನಲ್ರೇ," ಅಂದಳು ಡೋರ್ಕಸ್.

"ಹಾಗಾದ್ರೆ ತೆಗೀರಿ."

ಯಾರೂ ಏಳಲಿಲ್ಲ. ಅಷ್ಟು ಹೊತ್ತಿಗೆ ಪತ್ರಿಕೆ ಕೈಯಿಂದ ಕೈಗೆ ಹೋಗಿತ್ತು. ಮೂರು ಹೆಸರನ್ನು ಜನ ಪಿಸುಗುಟ್ಟುತ್ತಿದ್ದರು. ಡೋರ್ಕಸ್ ಅಂಗಡಿಯ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ನೀವು ಬದುಕಿದೀರಿ, ದೇವರು ದೊಡ್ಡವನು. ಆದ್ರೆ ಮೊಳೆ ಹೊಡೆದಾಗಿದೆ, ಕಿತ್ರೆ ಬಾಗಿಲು ಹಾಳು. ಮಿಲ್ಲಿನ ಷೆಡ್ಡಲ್ಲಿ ಮೂರು ಜನ ಮಲಗಿದಾರಲ್ಲ, ಅವರಿಗೇ ಇರ್ಲಿ ಬಿಡಿ."

ಜೋಥಮ್ ಇನ್ನೂ ನಿಂತೇ ಇದ್ದ. ಕರಿ ಬಟ್ಟೆ ನೋಡಿದ, ಹುಲ್ಡಕ್ಕನ ಕಡೆ ನೋಡಿದ. ಆಮೇಲೆ ಕರ್ನಲ್‌ರ ಮುಂದೆ ಹೋಗಿ ಟೋಪಿಯನ್ನು ಎದೆಗೆ ಹಿಡಿದ.

"ನೀವು ಸತ್ರಿ ಅಂದ್ಕೊಂಡು ಮಾತು ಶುರು ಮಾಡ್ದೆ. ಹಿಂದಿಂದ ಆಡೋದು ನಾಯಿ ಬುದ್ಧಿ. ಬದುಕಿರೋವಾಗ್ಲೇ ಎದುರಿಗೆ ಮುಗಿಸ್ತೀನಿ, ಅದೇ ನಿಮಗೆ ಮರ್ಯಾದೆ." ಮುಗಿಸಿದ. ಹೊಳೆಯ ನೀರು ಇಳಿಯುತ್ತಿದೆ, ದಿಮ್ಮಿ ಕದಲಬೇಕು, ತೂಬು ತೆಗೆ, ಇದು ಕರ್ನಲ್‌ರ ಆಜ್ಞೆ ಅಂತ ಹೋರೇಸ್ ಆಳು ಕಳಿಸಿದ. ಜನ ಇನ್ನೂ ದಿಮ್ಮಿ ಮೇಲಿದ್ದಾರೆ ಅಂತ ಇವನು ಹೇಳಿಕಳಿಸಿದ. ಕಾಯಬೇಡ ಅಂತ ಮತ್ತೆ ಮಾತು ಬಂತು. ತೆಗೆದ.

"ನಾನು ಜ್ವರದಲ್ಲಿದ್ದೆ," ಅಂದರು ಕರ್ನಲ್. ತಂಗಿಯ ಮಗನ ಕಡೆ ತಿರುಗಿದರು. "ನನ್ನ ಹೆಸರು ನಿನಗೆ ಯಾರು ಕೊಟ್ರು?"

ಹೋರೇಸ್ ಎದ್ದು ಪಕ್ಕದ ಬಾಗಿಲ ಕಡೆ ಹೊರಟ.

"ಕೂತ್ಕೋ ಹೋರೇಸ್," ಅಂದರು ಡಾಕ್ಟರು. "ವಿಚಾರಣೆ ಶುರುವಾಯ್ತು."

ಪಂಚರು ಕೂತರು. ಆ ಮೂವರ ಸಾವಿಗೆ ಕುಡಿತ ಕಾರಣವಲ್ಲ, ಎಚ್ಚರಿಕೆ ಕೊಡದೆ ಬಿಟ್ಟ ನೀರು ಕಾರಣ ಎಂದು ಬರೆಸಿದರು. ದಂಡೆಯುದ್ದಕ್ಕೂ ಆಳು ನಡೆದು ಹೋಗಿ ಕೂಗಿ ಬಾರದೆ ತೂಬು ಎತ್ತಬಾರದು ಎಂದು ಕಟ್ಟಳೆ ಆಯಿತು. ನಮ್ಮ ಹೊಳೆಯಲ್ಲಿ ಇಂದಿಗೂ ಹಾಗೆಯೇ ನಡೆದಿದೆ. ಹೋರೇಸನನ್ನು ಜೈಲಿಗೇನೂ ಹಾಕಲಿಲ್ಲ. ಅಷ್ಟು ನ್ಯಾಯ ಆ ಕಾಲದಲ್ಲಿ ಇರಲಿಲ್ಲ. ಜೋಥಮ್ ಹತ್ತಬೇಕಾಗಿದ್ದ ಶುಕ್ರವಾರದ ಕೋಚುಗಾಡಿಯನ್ನು ಅವನೇ ಹತ್ತಿ ಹೋದ. ಮೂವರನ್ನು ಊರಿಗೆ ಊರೇ ಹಿಂದೆ ನಡೆದು, ಹೆಸರು ಹಿಡಿದು ಕೂಗಿ, ಮಣ್ಣು ಮಾಡಿತು.

ಮುಂದಿನ ವಾರ "ಕಾವಲುಗಾರ"ದಲ್ಲಿ ಹೀಗೊಂದು ಸಾಲಿತ್ತು: "ಕರ್ನಲ್ ಬ್ರಾಕೆಟ್ ಬದುಕಿದ್ದಾರೆ. ಈ ಪತ್ರಿಕೆ ಬೇರೆ ಏನನ್ನೂ ಹೇಳಿರಲಿಲ್ಲ."

ಕರ್ನಲ್ ಆ ಗಂಟೆಯನ್ನು ಮರೆಯಲಿಲ್ಲ. ಶರತ್ಕಾಲ ಬರುವ ಮುಂಚೆ ಅಚ್ಚುಕೂಟ ಖಾಲಿ ಮಾಡಲು ಹೇಳಿದರು. ಹಲಗೆಗೋಡೆಯ ಈಚೆಯ ಕುಲುಮೆ ನನ್ನ ಸ್ವಂತದ್ದು. ಗೋಡೆ ಕಿತ್ತು ಯಂತ್ರವನ್ನು ಈಚೆಗೆ ಎಳೆದುಕೊಂಡೆವು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಕೆ ನನ್ನ ಕುಲುಮೆಯ ಹೊಗೆಯಲ್ಲೇ ಪತ್ರಿಕೆ ತಂದಳು. ಬೇರೆ ಊರಿನ ಸಂಪಾದಕರು ಆಕೆಯನ್ನು ನೋಡಲು ಬಂದು, ಕಮ್ಮಾರನ ಮನೆಗೆ ಬಂದೆವೇನೋ ಎಂದು ವಾಪಸು ಹೋಗುತ್ತಿದ್ದರು. ದೂರದ ಊರಿನ ಹುಡುಗಿಯರು ಕೆಲಸ ಕಲಿಯಲು ಬಂದರು. ಅವರಿಗೆಲ್ಲ ಆಕೆ ಮೊದಲು ಹೇಳುತ್ತಿದ್ದದ್ದು ಒಂದೇ: ಸತ್ತವನ ಪೂರ್ತಿ ಹೆಸರು ಕೇಳದೆ ಆ ಮನೆಯಿಂದ ಏಳಬೇಡಿ.

ಕಪ್ಪು ಗೆರೆಯನ್ನು ಆಕೆ ಮತ್ತೆ ದೊಡ್ಡವರಿಗೆಂದು ಎತ್ತಿಡಲಿಲ್ಲ. ಊರಿನಲ್ಲಿ ಯಾರು ಹೋದರೂ ಆ ವಾರ ಪಟ್ಟಿ ತಿರುಗುತ್ತಿತ್ತು. ಬಟ್ಟೆ ಒಗೆಯುವವಳು, ಹೊಳೆ ಆಳು, ಎರಡು ದಿನ ಬದುಕಿದ ಕೂಸು. ಓಬೆಡ್ ಮಾವ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಓದಿದ ಮೇಲೆಯೇ ಹಗ್ಗ ಮುಟ್ಟುತ್ತಿದ್ದ.

ಕೊನೆಗೆ ಕರ್ನಲ್‌ರೂ ನಿಜವಾಗಿ ಹೋದರು. ಅವರ ಮಗಳು ರೇಷ್ಮೆಯ ಕರಿ ಬಟ್ಟೆ ತೊಟ್ಟು ಕುಲುಮೆಗೆ ಬಂದಳು.

"ಹುಲ್ಡಕ್ಕ, ಎಲ್ಲರಿಗೂ ಹಾಕೋ ಗೆರೇನೇ ಅಪ್ಪನಿಗೂ ಹಾಕಿದ್ರೆ ಜನ ಏನಂದ್ಕೋತಾರೆ? ಸ್ವಲ್ಪ ದಪ್ಪ ಆಗಲ್ವಾ?"

ಹುಲ್ಡಕ್ಕ ಒಂದು ಪಟ್ಟಿ ಎತ್ತಿ ಅವಳ ಕೈಗಿಟ್ಟಳು. "ನೋಡಮ್ಮ. ನನ್ನ ಹತ್ತಿರ ಇರೋದು ಇದೊಂದೇ ದಪ್ಪ."

ಕರ್ನಲ್ ಒಮ್ಮೆ ಹೊಳೆ ಆಳಾಗಿದ್ದದ್ದು, ದಿಮ್ಮಿಯ ಅಡಿ ಸಿಕ್ಕಿದ ಹುಡುಗನೊಬ್ಬನ ಕತ್ತಿನ ಪಟ್ಟಿ ಹಿಡಿದು ಎತ್ತಿದ್ದು, ಎರಡನ್ನೂ ಆಕೆ ಅಚ್ಚು ಹಾಕಿದಳು. ಸೂರು ಕಿತ್ತುಕೊಂಡದ್ದನ್ನು ಹಾಕಲಿಲ್ಲ.

ಆಕೆ ಹೋದದ್ದು ಒಂದು ಬುಧವಾರ ಬೆಳಗ್ಗೆ, ಮೊಳೆಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ. ಕೆಲಸ ಕಲಿಯುತ್ತಿದ್ದ ಹುಡುಗಿಯರು ಅತ್ತರು, ಆಮೇಲೆ ಪುಟ ಕಟ್ಟಲು ನಿಂತರು. ಆ ವಾರ ಹಿಟ್ಟಿನ ಗಿರಣಿಯ ಕೂಲಿಯೊಬ್ಬನ ಹೆಂಡತಿ ತೀರಿಕೊಂಡಿದ್ದಳು. ಅವಳ ಸುದ್ದಿಯನ್ನು ಆಕೆ ಹಿಂದಿನ ದಿನವೇ ಜೋಡಿಸಿ ಇಟ್ಟಿದ್ದಳು. ಅದರ ಕೆಳಗೆ ಅಷ್ಟೇ ಅಗಲದ ಜಾಗ ಮಾಡಿ ಹುಲ್ಡಾ ಥರ್ಲೋ ಎಂದು ಹಾಕಿದರು. ಪಟ್ಟಿಗಳು ಆಗಲೇ ತಿರುಗಿದ್ದವು. ಹುಲ್ಡಕ್ಕನಿಗೆಂದು ಒಂದನ್ನೂ ಮುಟ್ಟಬೇಕಾಗಿ ಬರಲಿಲ್ಲ.